ಎಣಿಕೆ

ಕಾಕಾನ ಹತ್ರ ಒಂದು ಎತ್ತಿತ್ತು, ಹೂಡೂದಕ್ಕಲ್ಲ.
ಹೆಸರು ಸಾವ್ಕಾರ.
ಮೇಯಿ ಅಂದ್ರ ಹುಲ್ಲಿಲ್ಲದ ನೆಲದಾಗೂ ಮೇಯ್ದಂಗ ಮಾಡಿ
ಗಾಯರಾಣದ ಬಯಲಿಗೆ ಅಡ್ಡಡ್ಡ ಸರೀತಿತ್ತು,
ಅದರ ಹೊಟ್ಟೆಯ ಮರೆಗೆ ಬಗ್ಗಿ ನಡೆಯೂ ಇನ್ನೆರಡು ಕಾಲು.
ಚಿಗರಿಗೆ ಎಣಿಸಾಕ ಬರೂದಿಲ್ಲ, ಅಂತಿದ್ದ ಕಾಕಾ,
ಆರು ಕಾಲಿನ ದನ ಕಂಡ್ರೂ ಅದಕ್ಕ ದನಾನ.

ಕೌಜುಗದ ಪಂಜರ ಬ್ಯಾರೆ, ಮೊಲದ ಬಲಿ ಬ್ಯಾರೆ,
ಕುದುರಿ ಬಾಲದ ಕೂದಲು ತೊಡಿಮ್ಯಾಲ ಹೊಸೆದು ಮಾಡಿದ ಉರುಲು,
ಆಮ್ಯಾಲ ಅದೂ ನೈಲಾನ್ ಆತು.
ಕುಕನೂರ ಸಂತ್ಯಾಗ ಕಾಕು
ಸೊಪ್ಪಿನ ಬುಟ್ಟ್ಯಾಗ ಬುರ್ಲಿ ಜೋಡಿ ಮುಚ್ಚಿಟ್ಟು ಕೂಡತಿದ್ಲು,
ಕೊಳ್ಳೂ ಮಂದಿ ಸೊಪ್ಪಿನ ರೇಟು ಕೇಳಿದ್ರ
ಎಷ್ಟು ಹೇಳಬೇಕಂತ ಗೊತ್ತಿಲ್ಲದ ನಗತಿದ್ಲು.

ಸರ್ಕಾರದ್ದು ಅಂದ್ರ ಯಾರದೂ ಅಲ್ಲ,
ಯಾರದೂ ಅಲ್ಲ ಅಂದ್ರ ನಮ್ದು.
ಅಜ್ಜಗ ಗೊತ್ತಿದ್ದ ಕಾನೂನು ಇಷ್ಟ.
ಕಾಕಾ ಇನ್ನೊಂದಿಷ್ಟು ಕಲತ
ಯಲಬುರ್ಗಾ ಕೋರ್ಟಿನ ಕಟ್ಟಿಮ್ಯಾಲ ಒಂಬತ್ತು ವರ್ಷ ಕೂತು:
ಒಂದು ಚಿಗರಿ, ಕೊಂಬು ಮೂಡದ್ದು,
ಪಂಚನಾಮೆದಾಗ ‘ತೂಕ ಅಂದಾಜು ಹದಿನೆಂಟು ಕಿಲೋ’.
ಆ ಖರ್ಚಿಗೆ ಸಾವ್ಕಾರನ್ನ ಮಾರಿದ್ರು.
ಕೊಂಡವ ನೊಗಕ್ಕ ಹಚ್ಚಿದ. ಸಾಲು ಬಿಟ್ಟು
ಬದುವಿನ ಕಡೆ ಸರಿದು ಸರಿದು ಅದು
ಯಾರನ್ನೋ ಮರೆ ಮಾಡತಿತ್ತಂತ.

ಈ ಮಾಘದಾಗ ಇಲಾಖೆ ಜೀಪು ಗುಡಿಸಲ ಮುಂದ ನಿಂತಾಗ
ಕಾಕು ಪಂಜರದ ಮ್ಯಾಲ ಕೌದಿ ಎಳದ್ಲು, ರೂಢಿ.
ಗಾರ್ಡ್ ಶರಣಬಸು ಚಪ್ಲಿ ಬಿಟ್ಟು ಒಳಗ ಬಂದು
‘ಚಿಗರಿ ಗಣತಿ ಐತ್ರಿ, ಜಾಡು ನಿಮಗ ಗೊತ್ತು’ ಅಂದ.
ದಿನಕ್ಕ ಐನೂರು, ಒಂದು ಹಸರು ಟೊಪಗಿ.
ಪಿಯುಸಿ ಓದಿದಾಕಿ ಅಂತ ನನ್ನ ಕೈಗೆ
ನಮೂನೆ ಹಾಳಿ, ಗೀಟು ಹೊಡಿಯಾಕ ಪೆನ್ಸಿಲ್ಲು.

ಬೆಳಕು ಹರಿಯೂ ಮುಂಚೆ ಹೊಂಟ್ವಿ.
ಕಡ್ಲಿ ಹೊಲದ ಹುಳಿ ಮಂಜಿಗೆ ಮೀನಗಂಡ ಚುರುಗುಟ್ಟತಿತ್ತು.
ಗಾಯರಾಣದ ಅರ್ಧಕ್ಕ ತಂತಿಬೇಲಿ, ಅದರಾಚೆ ಸೋಲಾರ್ ಗಾಜು,
ಗಾಜಿನೊಳಗ ಮೋಡ ಮೇಯ್ತಿದ್ವು.
ಗಾಳಿಫ್ಯಾನಿನ ನೆರಳು ನಮ್ಮ ಮ್ಯಾಲ
ಒಂದು, ಎರಡು, ಮೂರು ಅಂತ ಹಾದು ಹೋಗತಿತ್ತು.
ಮುಂದ ಕಾಕಾ. ಬಗ್ಗಿದ ಬೆನ್ನು.
ಬಲಗೈ ಎತ್ತಿನ ಹಿಣಿಲಿನಷ್ಟು ಎತ್ತರಕ್ಕ,
ಕೈಯ ಕೆಳಗ ಏನೂ ಇಲ್ಲ.

ಹಿಂಡು ನಿಂತಿತ್ತು. ಕರಿ ಹೋತ ತಲಿ ಎತ್ತಿ ನೋಡಿ
ಮತ್ತ ಬಗ್ಗಿಸ್ತು.
ಶರಣಬಸು ದುರ್ಬೀನು ಒರಸಿಕೊಂಡು ‘ಎಷ್ಟ್ರೀ?’ ಅಂದ.
‘ಬರ್ಕೊ, ಇಪ್ಪತ್ತಾರು.’

ಜಾಲಿ ಕಂಟಿಯ ಬುಡಕ ನೆಲದ ಬಣ್ಣದವು ಐದು,
ತಾಯಂದಿರು ಮೂರು, ಕಿವಿ ಅಷ್ಟ ಅಲಗಾಡೂ ಮರಿ ಎರಡು.
ನನಗ ಕಂಡದ್ದು ಕಾಕಾಗ ಮೊದಲ ಕಂಡಿರತೈತಿ.
ಆತ ನನ್ನ ಕಡೆ ನೋಡಿದ,
ಸಣ್ಣಾಕಿದ್ದಾಗ ಬಲಿ ಹತ್ರ ಮೊಲ ಬಂದಾಗ
ಉಸಿರು ಹಿಡಿ ಅಂತ ನೋಡತಿದ್ದಂಗ.
ಇಪ್ಪತ್ತಾರಕ್ಕ ಪೆನ್ಸಿಲ್ಲು ನಿಂತಿತು.

ಜೀಪಿನ ಹಿಂದ ಕೂತಾಗ, ನಮ್ಮ ವಾಗ್ರಿ ಮಾತಿನಾಗ, ಮೆಲ್ಲಕ:
‘ರೊಟ್ಟಿ ಎಣಿಸಬಾರದು, ಮಕ್ಕಳನ್ನ ಎಣಿಸಬಾರದು,
ಎಣಿಸಿದ ಮರಿಗೆ ಕಣ್ಣು ಬೀಳತೈತಿ.’
ಅಷ್ಟಂದು ಟೊಪಗಿ ಮುಖದ ಮ್ಯಾಲ ಎಳಕೊಂಡ.
ನಿದ್ದಿಯೋ, ನಗುವೋ.

ರಾತ್ರಿ ಕೌದಿ ಕೆಳಗಿನ ಕೌಜುಗ ಕೂಗಿತು.
ಬೇಲಿ ಆಚೆಯಿಂದ ಇನ್ನೊಂದು, ಸಿಟ್ಟಿಗೆ, ತಿರುಗಿ ಕೂಗಿತು.
ಮುಂಜಾನೆ ಎದ್ದರ ಕಾಕಾನ ಹಾಸಿಗಿ ಖಾಲಿ.
ಟೊಪಗಿ ಗೂಟದಾಗಿತ್ತು.
ಬಾಜು ಗೂಟಕ್ಕ ಉರುಲಿನ ಚೀಲ ಇತ್ತೋ ಇಲ್ಲೋ,
ನಾನು ಆ ಕಡೆ ನೋಡಲಿಲ್ಲ.