ಯಾರದೂ ಅಲ್ಲದ ಇಪ್ಪತ್ತೆರಡು

ಶಹಾಬಜಾರದ ಓಣಿಯಾಗ ನಮ್ಮ ರೊಟ್ಟಿ ಕೇಂದ್ರ,
ಬಡಿಯೋದು ಎರಡು ಖೋಲಿ, ಬರಿಯೋದು ನಾನೊಬ್ಬಾಕಿ.
ಸಾಲಿ ನೋಟ್‌ಬುಕ್ಕಿನ ಹಿಂದಿನ ಹಾಳಿ, ಕಿವಿಗಿ ಸಿಗಿಸಿದ ಪೆನ್ಸಿಲ್,
ಬೆರಳಿಗಿ ಹಿಟ್ಟು ಹತ್ತಿ ಸೊನ್ನಿಗಳೂ ಬೆಳ್ಳಗ.

"ಐದುನೂರಾ ಇಪ್ಪತ್ತೆಂಟು!" ಮುಂದಿನ ಖೋಲಿ ನೀಲಗಂಗಮ್ಮ
ಸೆರಗು ಝಾಡಿಸಿ ಅಂದಳು. "ಹಿಂದಿನವರದು? ಬರೇ ಮುನ್ನೂರು."
ಹಿಂದಿನ ಖೋಲಿ ಖೈರುನ್ನೀಸಾ ಏನೂ ಅನ್ನಲಿಲ್ಲ,
ರೊಟ್ಟಿ ಮ್ಯಾಲ ಹಸಿ ಅರಿವಿ ಸವರಿದಳು. ಚುರ್ ಅಂತು.

ನಾ ಕೇಳಿದೆ: ನೀವೆಷ್ಟು ಮಂದಿ? ಆರು. ಎಷ್ಟು ತಾಸು? ನಾಕು.
ಅವರು ನಾಕು ಮಂದಿ, ಮೂರೇ ತಾಸು.
ಢೀಗು ನೋಡಿ ದೊಡ್ಡವರಾಗಬ್ಯಾಡ್ರಿ,
ಒಬ್ಬಾಕಿಗಿ, ಒಂದು ತಾಸಿಗಿ ಹಂಚಿ ನೋಡ್ರಿ:
ಮುಂದ ಇಪ್ಪತ್ತೆರಡು, ಹಿಂದ ಇಪ್ಪತ್ತೈದು.
ನೀಲಗಂಗಮ್ಮ ನನ್ನ ಪೆನ್ಸಿಲ್ ಕಡಿ ನೋಡಿದಳು,
ಅದು ಚಾಡಿ ಹೇಳಿದಂಗ.

"ನಾ ತಾಸಿಗಿ ಮೂವತ್ತೊಂದು ಬಡಿತೀನಿ, ಎಣಸು ಬೇಕಾದ್ರ!"
ಎಣಿಸಿದೆ. ಖರೇನ ಮೂವತ್ತೊಂದು.
ಆಕಿ ಬಾಜು ಹೊಸಾ ಹುಡುಗಿ ಅಂಬವ್ವ, ಹತ್ತು.
ಉಳಿದವರು ಇಪ್ಪತ್ತು, ಇಪ್ಪತ್ಮೂರು, ಇಪ್ಪತ್ನಾಕು, ಮತ್ತೊಂದು ಇಪ್ಪತ್ನಾಕು.
ಇಡೀ ಖೋಲಿ ಹುಡುಕಿದರೂ
ಇಪ್ಪತ್ತೆರಡು ಬಡಿಯೋಳು ಒಬ್ಬಾಕಿನೂ ಸಿಗಲಿಲ್ಲ.
ನಾಳಿನ ಲೆಕ್ಕ ನಿಂತದ್ದು ಆ ಇಲ್ಲದಾಕಿ ಮ್ಯಾಲೇ.

ನಾಳಿಗಿ ಸೇಡಂ ರಸ್ತೆ ಶಾದಿ ಮಹಲಿನ ಆರ್ಡರು:
ಕಟ್ಟಿಗಿ ಹತ್ತರಂಗ ನೂರಾ ಹದಿನಾರು ಕಟ್ಟು.
ಮುಂದಿನವರು ತಾಸಿಗಿ ನೂರಾ ಮೂವತ್ತೆರಡು, ಹಿಂದಿನವರು ನೂರು;
ಕೂಡಿಸಿದೆ, ಭಾಗಿಸಿದೆ,
ಟಂಟಂ ಮಹಿಬೂಬಗ ಫೋನ್ ಹಚ್ಚಿದೆ:
"ಐದಕ್ಕ ಬಡಿಲಾಕ ಕೂಡ್ತೀವಿ. ಹತ್ತಕ್ಕ ಬಾ.
ಮೊದಲ ಬ್ಯಾಡ, ಆಮ್ಯಾಲೂ ಬ್ಯಾಡ."

ಹತ್ತು ಹೊಡೀತು. ಎಣಿಸಿದೆ. ಹನ್ನೆರಡು ಕಮ್ಮಿ.
ತಿರಗಿ ಎಣಿಸಿದೆ. ಹನ್ನೆರಡೇ.
ಮಾರಿ ಒರಸಿಕೊಂಡೆ; ತುಟಿಗಿ ಹತ್ತಿತ್ತು ಶೇಂಗಾ ಹಿಂಡಿ.
ಏಳೂವರಿಗಿ ಚಾ ಬಂದಾಗ
ಬಡಿಯೋ ಹತ್ತು ಮಂದಿಗಿ ಒಂದೊಂದು,
ಚಾ ತಂದ ಹುಡುಗಗ ಒಂದು, ನನಗೊಂದು.
ಹಸಿವಿಗಿ ಕಾಲಂ ಹಾಕಿರಲಿಲ್ಲ ನಾನು.

"ಇನ್ನ ಮೂರು ನಿಮಿಷ," ಅಂದೆ ಮಹಿಬೂಬಗ.
ಈ ಸಲ ಪೆನ್ಸಿಲ್ ಕಿವಿಯಿಂದ ಇಳಿಲಿಲ್ಲ.
ಎರಡೂ ಖೋಲಿ ಒಂದೇ ಸಪ್ಪಳ, ಟಪ್ ಟಪ್ ಟಪ್,
ಟಂಟಂ ಹೊಗಿ ಬಿಟ್ಟು ಓಣಿ ತಿರಗಿತು.

ಅಂಬವ್ವನದು ಇನ್ನೂ ಹಂಚಿನ ಮ್ಯಾಲೇ ಇತ್ತು,
ಅಂಚು ಒಡದು, ಒಂದು ಕಡಿ ದಪ್ಪಾಗಿ,
ನಡುವ ಮಾತ್ರ ಗಾಳಿ ತುಂಬಿ ಉಬ್ಬಿ.
ನೀಲಗಂಗಮ್ಮ ಅದನ್ನ ಮುರದು
ಅರ್ಧ ಹಿಂದಿನ ಖೋಲಿಗಿ ಒಯ್ದಳು.
ನಾ ಅದನ್ನ ಬರಿಲಿಲ್ಲ.