ಕಿಟ್ಟ

ರಾಕ್ವೆರೆಯಲ್ಲಿ ಮಾರ್ಚ್ ಅಂದರೆ ಇನ್ನೂ ಹಿಮವೇ.
ಹೊಗೆ ಹೋಗಲೆಂದು ಗ್ಯಾರೇಜಿನ ಬಾಗಿಲು
ಮೊಣಕಾಲೆತ್ತರ ತೆರೆದಿಟ್ಟಿದ್ದೇನೆ. ಚಳಿ ಬಂದು ಕೂತಿದೆ
ನನ್ನ ವಿದ್ಯಾರ್ಥಿಗಳ ತಾಯಂದಿರ ಹಾಗೆ,
ಮಾತಿಲ್ಲದೆ, ಕೋಟು ಬಿಚ್ಚದೆ.

ಐವತ್ತೊಂಬತ್ತಕ್ಕೆ ಇದೆಲ್ಲ ಯಾಕೆ ಅಂದಳು ತಂಗಿ,
ಪಿಯಾನೊ ಕಲಿಸುವ ಕೈ ನನ್ನದಲ್ಲ, ಅವಳದೇ ಎಂಬಂತೆ.
ಬೂಟಿನ ಡಬ್ಬಿಯಷ್ಟು ದೊಡ್ಡ ಹಳೆಯ ಯಂತ್ರ,
ಮುಖವಾಡ, ಮೊಣಕೈತನಕ ತೊಗಲಿನ ಕೈಗವಸು,
ಎರಡೂವರೆ ಮಿಲಿಮೀಟರಿನ ಕಡ್ಡಿ ಒಂದು ಕಟ್ಟು.
ಹತ್ತಿಯ ಅಂಗಿಯೇ ಹಾಕು, ನೈಲಾನು ಮೈಗೆ ಅಂಟುತ್ತೆ,
ಅಂದವನು ಪಕ್ಕದ ಮನೆಯ ಕಾಲ್ಯು,
ಒಂದು ಕಾಲಕ್ಕೆ ಸಾಮೂಹಿಕ ಜಮೀನಿನ ಟ್ರ್ಯಾಕ್ಟರುಗಳ ವೈದ್ಯ.

ಮೊದಲ ದಿನ ಕಡ್ಡಿ ಕಬ್ಬಿಣವನ್ನು ಕಚ್ಚಿಕೊಂಡಿತು.
ಎಳೆದೆ. ಉಡದ ಪಟ್ಟು.
ಬೆಂಕಿಕಡ್ಡಿ ಗೀರಿದ ಹಾಗೆ ಗೀರು, ಅಂದ.
ಒಂದು ನೀಲಿ ಸಿಡಿಲು, ಮತ್ತೆ ಕತ್ತಲು.
ಮುಖವಾಡದೊಳಗೆ ನನ್ನ ಉಸಿರೇ
ಪಕ್ಕದ ಕೋಣೆಯಲ್ಲಿ ಯಾರದೋ ಅನಿಸಿತು.

ಮೂರನೇ ದಿನ, ನೋಡಿಯೇಬಿಡೋಣ ಅಂತ, ಎವೆಯಿಕ್ಕುವಷ್ಟೇ,
ಮುಖವಾಡ ಎತ್ತಿದೆ.
ರಾತ್ರಿ ಎರಡಕ್ಕೆ ಯಾರೋ ಕಣ್ಣೊಳಗೆ ಮರಳು ಬೀಸುತ್ತಿದ್ದರು.
ಕಾಲ್ಯುವಿನ ಹೆಂಡತಿ ಆಲೂಗೆಡ್ಡೆ ಹೆಚ್ಚಿ ರೆಪ್ಪೆಗಿಟ್ಟಳು;
ಡಾಕ್ಟರು ಅದನ್ನು ತೆಗೆಸಿ, ಮುಲಾಮು ಕೊಟ್ಟು, ಬೈದಳು.
ಎರಡು ದಿನ ಪಾಠವನ್ನು ಕಣ್ಣು ಮುಚ್ಚಿ ಕೇಳಿದೆ;
ಪುಟ್ಟ ಉಕುವಿನ ಎಡಗೈ ಸದಾ ಕೂದಲೆಳೆಯಷ್ಟು ತಡ,
ಆವತ್ತೇ ಗೊತ್ತಾದದ್ದು.

ಆಮೇಲೆ ಕಾಲ್ಯು ಹೇಳಿದ: ಕಣ್ಣು ಸಾಲದು, ಹೆಲ್ವಿ, ಕೇಳು.
ಬಾಣಲೆಯಲ್ಲಿ ಹಂದಿಕೊಬ್ಬು ಹುರಿಯುವ ಸದ್ದು ಬಂದರೆ ಸರಿ.
ಪಟಪಟ ಅಂದರೆ ಕಡ್ಡಿ ದೂರ. ಗೊರಗೊರ ಅಂದರೆ ತೀರಾ ಹತ್ತಿರ.
ಇದನ್ನು ಮೊದಲೇ ಹೇಳಬಾರದಿತ್ತೇನಪ್ಪಾ?
ಕಿವಿ ನನ್ನ ಕಸುಬು.
ಕಡ್ಡಿ ಕರಗಿದಷ್ಟೂ ಕೈ ಇಳಿಸುತ್ತ ಹೋದೆ.
ಹಸಿರು ಗಾಜಿನಾಚೆ ಒಂದು ಪುಟ್ಟ ಕೊಳ, ನಡುಗುತ್ತ,
ನಾನು ಹೋದಲ್ಲಿಗೆ ಬಂತು.

ಕಬ್ಬಿಣವನ್ನು ಕಾದಾಗಲೇ ಬಡಿ ಅನ್ನುತ್ತಾರಲ್ಲ,
ಇಲ್ಲಿ ತಿರುಗುಮುರುಗು. ಕೆಂಪು ಹೋಗಲಿ. ಆರಲಿ.
ಆಮೇಲೆ ಕುಟ್ಟು. ಕಿಟ್ಟ ಚಕ್ಕೆಚಕ್ಕೆಯಾಗಿ ಹಾರಿ
ಕೆಳಗೆ ನಿನ್ನ ಸಾಲು ಕಾಣುತ್ತೆ, ಇದ್ದದ್ದು ಇದ್ದ ಹಾಗೆ.
ಕಾಲ್ಯು ಬೆರಳಾಡಿಸಿ,
ಕೋಳಿ ನಡೆದುಹೋಗಿದೆ, ಅಂದ.

ಅವನಿಗೆ ಹೇಳಿರಲಿಲ್ಲ, ಆವತ್ತು ಹೇಳಿದೆ:
ಅಮ್ಮನ ಪಿಯಾನೊದ ಚೌಕಟ್ಟು ಬಿರುಕುಬಿಟ್ಟಿದೆ.
ಅದಕ್ಕೇ ಇದೆಲ್ಲ.
ಟಾರ್ಚು ತಂದ, ಹಲಗೆ ಬಿಚ್ಚಿದ, ಬಹಳ ಹೊತ್ತು ನೋಡಿದ.
ಎರಕದ ಕಬ್ಬಿಣ. ಬಿಸಿ ತಾಗಿದರೆ ಇನ್ನೂ ಬಿರಿಯುತ್ತೆ.
ನಾನೇ ಮುಟ್ಟಲ್ಲ.
ತಂತಿಗಳ ಮೇಲಿನ ಧೂಳಿಗೆ ಇಬ್ಬರೂ ಕೆಮ್ಮಿದೆವು.

ಮರುದಿನ ಬೂಟಿನ ಕೆಸರು ಕೆರೆಯುವ ಪಟ್ಟಿ ಮಾಡಿದೆ:
ಎರಡು ಕಾಲು, ನಾಲ್ಕು ಬೆಸುಗೆ, ಚೆನ್ನಾಗಿರುವುದು ಒಂದೇ.
ಮೆಟ್ಟಿಲ ಬಳಿ ಎಡಕ್ಕೆ ವಾಲಿ ನಿಂತಿದೆ.
ಉಕು ಬಂದ, ಬೂಟು ಉಜ್ಜಿದ, ಕಿರ್ರೆಂದಿತು.
ಮತ್ತೊಮ್ಮೆ ಉಜ್ಜಿ, ಕಿವಿಗೊಟ್ಟು,
ಇದು ಫಾ, ಸ್ವಲ್ಪ ಇಳಿದಿದೆ, ಅಂದ.
ಹೌದು ಮಾರಾಯ. ಒಳಗೆ ಬಾ,
ಇವತ್ತು ಎಡಗೈಯಿಂದ ಶುರುಮಾಡೋಣ.