ತಣ್ಣಗಿದ್ದಾಗ

ಬಿಸಿಯಿದ್ದಾಗ ಏನೂ ತಕರಾರಿಲ್ಲ, ಎಂದಳು ಹಿಲ್ಕಾ.
ಒಂದು ಸಲ ಹೊತ್ತಿಕೊಂಡರೆ ಸಂಜೆವರೆಗೂ
ಬೆರಳು ತಾಗಿಸಿದರೆ ಸಾಕು.
ಬೆಳಗಿನ ಮೊದಲನೆಯದು ಮಾತ್ರ
ಹಟ.

ತಲೆಯಾಡಿಸಿದೆ.
ಈ ರೋಗ ನನಗೆ ಗೊತ್ತು.

ಸೈಮಾ ಸರೋವರದ ದಂಡೆ, ಜೂನ್ ತಿಂಗಳು,
ರಾತ್ರಿಯೆಂಬುದು ಇಲ್ಲಿ ಬರೀ ಲೆಕ್ಕಕ್ಕೆ.
ಟ್ರೇಲರಿನ ಮೇಲೆ ಇಪ್ಪತ್ತೆಂಟು ವರ್ಷದ ಜೆಟ್ ಸ್ಕೀ,
ಎರಡು ಸಿಲಿಂಡರು, ಟೂ-ಸ್ಟ್ರೋಕು, ಬಿಸಿಲಿಗೆ ಬಿಳಿಚಿದ ಹಳದಿ.
ಒಡತಿಗೆ ಎಪ್ಪತ್ತೊಂದು.
ದಿನಾ ಅದನ್ನೇರಿ ಹೋಗಿ ನಡುಗಡ್ಡೆಯ ತಂಗಿಗೆ
ರೈ ರೊಟ್ಟಿ, ಪೇಪರು, ಊರ ಚಾಡಿ ಮುಟ್ಟಿಸುತ್ತಾಳೆ.

ಮೊದಲು ಸುಲಭದ್ದು: ಮಣಿಕಟ್ಟಿನ ಹಗ್ಗದ ಕ್ಲಿಪ್ಪು ಸಿಕ್ಕಿಸಿದೆಯೆ?
ನಗಬೇಡಿ, ಇಷ್ಟಕ್ಕಾಗಿ ನಲವತ್ತು ಕಿಲೋಮೀಟರು
ಎಳೆದು ತಂದವರಿದ್ದಾರೆ.
ಬ್ಯಾಟರಿ ಗಟ್ಟಿ.
ಪ್ಲಗ್ಗು ಬಿಚ್ಚಿ ಹೆಡ್ಡಿಗೆ ತಾಗಿಸಿ ಗುಂಡಿ ಒತ್ತಿದೆ,
ನೀಲಿ ಕಿಡಿ, ಎರಡರಲ್ಲೂ.
ಕಂಪ್ರೆಶನ್ ನೂರ ಮೂವತ್ತು, ನೂರ ಇಪ್ಪತ್ತೆಂಟು;
ಅವಳಿಗಳ ನಡುವೆ ಅಷ್ಟು ಹೆಚ್ಚುಕಮ್ಮಿ ಇದ್ದದ್ದೇ.
ಪ್ಲಗ್ಗಿನ ತುದಿ ಮೂಸಿದೆ:
ಅಷ್ಟು ಹೊತ್ತು ತಿರುಗಿಸಿದರೂ ಒಣಗಿ ಭಣಭಣ.

ಅಂದರೆ ಉಸಿರಿದೆ, ಕಿಡಿಯಿದೆ,
ಬರಬೇಕಾದ್ದು ಬಾಯಿಗೆ ಬರುತ್ತಿಲ್ಲ.

‘ಪ...’ ಅಂದೆ ಹಿಲ್ಕಾಳಿಗೆ. ‘ಪ...’
ಪಂಪು ಎನ್ನಬೇಕಿತ್ತು.
ತುಟಿಗಳೆರಡೂ ಕಚ್ಚಿಕೊಂಡವು,
ಒಳಗೆ ಸ್ಟಾರ್ಟರು ತಿರುಗುತ್ತಲೇ ಇತ್ತು.

ಬಾಗಿಲಲ್ಲಿದ್ದ ಮೀನುಗಾರ ಒಸ್ಮೊ ನೆರವಿಗೆ ಧಾವಿಸಿದ:
ಪೆಟ್ರೋಲೇ? ಪೈಪೇ? ಪಿಸ್ಟನ್ನೇ?
ಒಳ್ಳೆಯವನು. ಎಲ್ಲರೂ ಒಳ್ಳೆಯವರೇ,
ಶಾಲೆಯಿಂದಲೂ ನನ್ನ ಬಾಯಿಗೆ ಪದ ಸುರಿದವರು.
ಅವನ ಕೈಯಲ್ಲಿ ಸ್ಟಾರ್ಟಿಂಗ್ ಸ್ಪ್ರೇ ಡಬ್ಬಿ:
ಎರಡು ಸಲ ಬುಸ್ಸೆನ್ನಿಸು, ಹತ್ತಿಕೊಳ್ಳುತ್ತೆ.

ಹತ್ತಿಕೊಳ್ಳುತ್ತೆ, ನಿಜ.
ಆದರೆ ಟೂ-ಸ್ಟ್ರೋಕಿಗೆ ಎಣ್ಣೆ ಬರುವುದೇ ಪೆಟ್ರೋಲಿನ ಕೈಹಿಡಿದು.
ಎಣ್ಣೆಯಿಲ್ಲದ ಬೆಂಕಿಗೆ
ಸಿಲಿಂಡರಿನ ಗೋಡೆ ಒಣಒಣಗಿ ಗೀರಿಕೊಳ್ಳುತ್ತದೆ;
ಹೊರಗಿನವರಿಗೆ ಕೇಳುವುದು
ಇಂಜಿನ್ನು ಶುರುವಾದ ಸದ್ದು ಮಾತ್ರ.

ಹಿಲ್ಕಾ ಆ ಡಬ್ಬಿ ಇಸಕೊಂಡು ಕಿಟಕಿಯ ಹಲಗೆ ಮೇಲಿಟ್ಟಳು.
ಕೂತಳು. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿದಳು.
ನನ್ನ ತುಟಿಯನ್ನು ದಿಟ್ಟಿಸಲಿಲ್ಲ,
ಬೇರೆಲ್ಲೋ ನೋಡುವ ನಾಟಕವನ್ನೂ ಆಡಲಿಲ್ಲ.

ಒಂದೇ ಚಮಚ, ಎಣ್ಣೆ ಬೆರೆಸಿದ್ದು,
ಕಾರ್ಬೊರೇಟರಿನ ಗಂಟಲಿಗೆ ಬಿಟ್ಟೆ.
ಕೆಮ್ಮಿತು, ಎರಡು ಉಸಿರು ಓಡಿತು, ಸತ್ತಿತು.
ನೀರಿಗಿಳಿಸದೆ ಅದಕ್ಕಿಂತ ಹೆಚ್ಚು ಓಡಿಸಲೂ ಬಾರದು.

ಮೂರು ಗಂಟೆ ಹಿಡಿಯಿತು.
ಹಳೆಯ ಬೂದು ಕೊಳವೆ ಸೀಳಿದರೆ ಒಳಗೆ ಹಸಿರು ಲೋಳೆ,
ಉಗುರಗಲದ ಜಾಲರಿಯಲ್ಲಿ ಅದೇ ಲೋಳೆ.
ಆದರೂ ಮನಸ್ಸು ಒಪ್ಪಲಿಲ್ಲ, ಬಿಸಿಯಲ್ಲಿ ಓಡುತ್ತಿತ್ತಲ್ಲ?
ಕೈಪಂಪಿನಿಂದ ಗಾಳಿ ಕೊಟ್ಟು ಮುಳ್ಳು ನೋಡುತ್ತ ಕೂತೆ.
ಹತ್ತರಲ್ಲಿ ನಿಲ್ಲಬೇಕಾದ್ದು
ಒಂಬತ್ತು, ಏಳು,
ನಾಲ್ಕು.
ಸಿಕ್ಕಿತು: ಗೋಧಿಕಾಳಿನಷ್ಟು ಸೂಜಿ, ಅದರ ಪೀಠ ಸವೆದಿದೆ.
ಹಗಲು ಏರಿದ ಪೆಟ್ರೋಲು ರಾತ್ರಿ ಮೆಲ್ಲಗೆ
ಟ್ಯಾಂಕಿಗೆ ಮರಳಿ ಇಳಿದುಹೋಗುತ್ತದೆ.
ಬೆಳಿಗ್ಗೆ ಮತ್ತೆ ತಳದಿಂದ ಎಳೆಯಬೇಕು,
ನಿನ್ನೆ ಮಾತಾಡಿಯೇ ಇರಲಿಲ್ಲವೆಂಬಂತೆ.

ಹೊಸ ಸೂಜಿ, ಹೊಸ ಕಪ್ಪು ಕೊಳವೆ.
ರಾತ್ರಿ ಹತ್ತಕ್ಕೆ, ಬಿಸಿಲಲ್ಲೇ, ನೀರಿಗಿಳಿಸಿ ಕಟ್ಟಿದೆವು.
ತಣ್ಣಗಾದ ಮೇಲೆ ನೋಡೋಣ,
ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ನನಗೂ ದಣಿವಾಗಿತ್ತು.

ಬೆಳಿಗ್ಗೆ ಆರಕ್ಕೆ ಹಿಲ್ಕಾ ರೊಟ್ಟಿಯ ಚೀಲದೊಂದಿಗೆ ಹಾಜರು.
ಗುಂಡಿ ಒತ್ತಿದಳು. ಒಂದು ಸುತ್ತು. ಎರಡು.
ನೀಲಿ ಹೊಗೆ ನೀರ ಮೇಲೆ ಹಾಸಿಕೊಂಡಿತು,
ಜೊಂಡಿನಿಂದ ಬಾತುಗಳೆದ್ದವು.
ಯಾರು ಸರಿಮಾಡಿದ್ದು ಅಂತ ತಂಗಿ ಕೇಳುತ್ತಾಳೆ,
ಎಂದು ಕೂಗಿದಳು, ಏನಯ್ಯಾ ನಿನ್ನ ಹೆಸರು?

ನನ್ನ ಹೆಸರೂ ಪಕಾರದ್ದೇ.
ಇಟ್ಟವರಿಗೇನು ಗೊತ್ತಿತ್ತು ಪಾಪ.

ಅವಳು ಇಂಜಿನ್ನು ಆರಿಸಿಬಿಟ್ಟಳು, ಕೇಳಿಸಿಕೊಳ್ಳಲೆಂದು.
‘ಪ...’
ಅಲೆಯೊಂದು ಬಂದು ಹಲಗೆಗೆ ತಾಗಿತು, ಇನ್ನೊಂದು.
ಬಾತುಗಳು ವಾಪಸು ಬಂದು ಕೂತವು.
ಕೈಗವಸು ಅವಳ ತೊಡೆಯ ಮೇಲೇ ಇತ್ತು.
‘ಪೆಂಟ್ಟಿ’ ಎಂದೆ.

ಸರಿ, ದುಡ್ಡೆಷ್ಟಾಯಿತು ಪೆಂಟ್ಟಿ?
ಅದನ್ನು ಥಟ್ಟನೆ ಹೇಳಿದೆ, ಲೋಳೆಯಿಂದ ಸೂಜಿಯವರೆಗೆ
ಒಂದೊಂದರ ಲೆಕ್ಕವನ್ನೂ.
ಆಗಲೇ ಬಿಸಿಯಾಗಿದ್ದೆ.